ಅಜ್ಟೆಕಾದಲ್ಲಿ ಐದು ಪಂದ್ಯ, ಮಂಗಳೂರಲ್ಲಿ ಮಳೆ: ನೋಡುವವರಿಗೊಂದು ಕೈಪಿಡಿ

ಫುಟ್‌ಬಾಲ್ ವಿಶ್ವಕಪ್ ಬಂತೆಂದರೆ ನಮ್ಮೂರಿನವರು ಮೊದಲು ತಂಡ ಆರಿಸಿಕೊಳ್ಳುತ್ತಾರೆ. ಅರ್ಜೆಂಟೀನಾ, ಬ್ರೆಜಿಲ್, ಪೋರ್ಚುಗಲ್, ಜರ್ಮನಿ. ಒಂದೇ ಮನೆಯಲ್ಲಿ ಅಣ್ಣ ಒಂದು ಕಡೆ, ತಮ್ಮ ಇನ್ನೊಂದು ಕಡೆ. ಈ ಸಲ ತಂಡದ ಜೊತೆಗೆ ಒಂದು ಮೈದಾನವನ್ನೂ ಆರಿಸಿಕೊಳ್ಳಿ ಎನ್ನುವುದು ನನ್ನ ಸಲಹೆ.

ಕಾರಣ ಸರಳ. 2026ರ ವಿಶ್ವಕಪ್ ಜೂನ್ 11ರಿಂದ ಜುಲೈ 19ರವರೆಗೆ ನಡೆಯುತ್ತದೆ. 48 ತಂಡ, 104 ಪಂದ್ಯ, ಅಮೆರಿಕ, ಕೆನಡಾ, ಮೆಕ್ಸಿಕೋ ಎಂಬ ಮೂರು ದೇಶ, 16 ನಗರ. ಎಲ್ಲವನ್ನೂ ನೋಡಲು ಹೊರಟರೆ ಕೆಲಸವೂ ಕೆಡುತ್ತದೆ, ನಿದ್ದೆಯೂ ಕೆಡುತ್ತದೆ. ಒಂದೇ ಮೈದಾನದ ಪಂದ್ಯಗಳನ್ನು ಹಿಡಿದು ಕೂತರೆ ಆ ಹುಲ್ಲು, ಆ ಗಾಳಿ, ಆ ಜನ ಆಟವನ್ನು ಹೇಗೆ ತಿರುಗಿಸುತ್ತಾರೆ ಎಂಬುದು ಕಣ್ಣಿಗೆ ಬೀಳಲು ಶುರುವಾಗುತ್ತದೆ. ತಂಡ ಮಾತ್ರ ನೋಡುವವನಿಗೆ ಇದು ಕಾಣುವುದೇ ಇಲ್ಲ.

ನನ್ನ ಆಯ್ಕೆ ಮೆಕ್ಸಿಕೋ ಸಿಟಿಯ ಅಜ್ಟೆಕಾ. ಐದೇ ಪಂದ್ಯ. ಅದರಲ್ಲಿ ನಾಲ್ಕು ನಮ್ಮ ಬೆಳಗ್ಗಿನ ಹೊತ್ತಿಗೇ ಬರುತ್ತವೆ. ಮೂರು ವಿಶ್ವಕಪ್‌ಗಳ ಪಂದ್ಯಗಳನ್ನು ಕಂಡ ಮೈದಾನ ಜಗತ್ತಿನಲ್ಲಿ ಇದೊಂದೇ: 1970, 1986, ಈಗ 2026. ಮಂಗಳೂರು, ಉಡುಪಿಯಲ್ಲಿ ಕೂತು ಈ ಐದನ್ನು ಸರಿಯಾಗಿ ನೋಡಬೇಕಾದರೆ ಏನೇನು ಮಾಡಬೇಕು ಎಂದು ಕೆಳಗೆ ಹೇಳಿದ್ದೇನೆ.

ಮೊದಲು ಗಡಿಯಾರ

ಮೆಕ್ಸಿಕೋ ಸಿಟಿ ನಮಗಿಂತ ಹನ್ನೊಂದೂವರೆ ಗಂಟೆ ಹಿಂದೆ. ಲೆಕ್ಕ ಹಾಕಲು ಒಂದು ಸುಲಭದ ದಾರಿ ಉಂಟು. ಅಲ್ಲಿನ ಸಮಯದಲ್ಲಿ ಹಗಲನ್ನು ರಾತ್ರಿ ಮಾಡಿ, ಅರ್ಧ ಗಂಟೆ ಕಳೆಯಿರಿ. ಅಲ್ಲಿ ಮಧ್ಯಾಹ್ನ 1 ಗಂಟೆ ಎಂದರೆ ನಮಗೆ ನಡುರಾತ್ರಿ 12.30. ಅಲ್ಲಿ ರಾತ್ರಿ 8 ಎಂದರೆ ನಮಗೆ ಬೆಳಿಗ್ಗೆ 7.30. ಮೆಕ್ಸಿಕೋದಲ್ಲೇ ಪಂದ್ಯ ನಡೆಯುವ ಗ್ವಾಡಲಹಾರಾ, ಮೊಂಟೆರ್ರೆಗೂ ಇದೇ ಲೆಕ್ಕ. ಅಮೆರಿಕದ ನಗರಗಳಿಗೆ ಇದು ನಡೆಯುವುದಿಲ್ಲ, ಅಲ್ಲಿ ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಇಡುತ್ತಾರೆ. ಮೆಕ್ಸಿಕೋ ಸಿಟಿ ಆ ಪದ್ಧತಿಯನ್ನು 2022ರಲ್ಲೇ ಬಿಟ್ಟಿದೆ.

ಐದು ಪಂದ್ಯಗಳ ಭಾರತೀಯ ಸಮಯವನ್ನು ಕ್ಯಾಲೆಂಡರಿನಲ್ಲಿ ಈಗಲೇ ಬರೆದುಕೊಳ್ಳಿ:

ಜೂನ್ 12, ಶುಕ್ರವಾರ, ನಡುರಾತ್ರಿ 12.30: ಮೆಕ್ಸಿಕೋ – ದಕ್ಷಿಣ ಆಫ್ರಿಕಾ, ಉದ್ಘಾಟನಾ ಪಂದ್ಯ
ಜೂನ್ 18, ಗುರುವಾರ, ಬೆಳಿಗ್ಗೆ 7.30: ಉಜ್ಬೇಕಿಸ್ತಾನ – ಕೊಲಂಬಿಯಾ
ಜೂನ್ 25, ಗುರುವಾರ, ಬೆಳಿಗ್ಗೆ 6.30: ಗುಂಪು ಹಂತದಲ್ಲಿ ಮೆಕ್ಸಿಕೋದ ಮೂರನೇ ಪಂದ್ಯ
ಜುಲೈ 1, ಬುಧವಾರ, ಬೆಳಿಗ್ಗೆ 6.30: 32 ತಂಡಗಳ ನಾಕೌಟ್ ಘಟ್ಟ (ಸೋತವರು ಹೊರಗೆ)
ಜುಲೈ 6, ಸೋಮವಾರ, ಬೆಳಿಗ್ಗೆ 5.30: 16 ತಂಡಗಳ ನಾಕೌಟ್ ಘಟ್ಟ

ಮೊದಲನೆಯದರಲ್ಲಿ ಒಂದು ಮೋಸ ಅಡಗಿದೆ. ಅಲ್ಲಿನ ವೇಳಾಪಟ್ಟಿಯಲ್ಲಿ ಅದು ಜೂನ್ 11. ನಮಗೆ ಗುರುವಾರ ರಾತ್ರಿ ಊಟ ಮುಗಿಸಿ ಕೂತರೆ ಬರುವ ಪಂದ್ಯ. ಶುಕ್ರವಾರ ರಾತ್ರಿ ಎಂದು ತಿಳಿದು ಗೆಳೆಯರನ್ನು ಕರೆದರೆ ಪಂದ್ಯ ಮುಗಿದು ಇಡೀ ಹಗಲೇ ಕಳೆದಿರುತ್ತದೆ. ಮೊಬೈಲಿನಲ್ಲಿ ರಿಮೈಂಡರ್ ಇಡುವಾಗ ಗುರುವಾರ ರಾತ್ರಿ 11.45 ಎಂದೇ ಇಡಿ.

ಮಳೆ, ಕರೆಂಟು, ನೆಟ್ಟು

ನಮ್ಮ ನಿಜವಾದ ಎದುರಾಳಿ ಇಲ್ಲಿದ್ದಾನೆ. ಜೂನ್ ಎರಡನೇ ವಾರವೆಂದರೆ ಕರಾವಳಿಯಲ್ಲಿ ಮುಂಗಾರು ಹಿಡಿದಿರುವ ಹೊತ್ತು. ತೆಂಗಿನ ಸೋಗೆ ತಂತಿ ಮೇಲೆ ಬಿದ್ದರೂ ಸಾಕು, ಇಡೀ ಓಣಿ ಕತ್ತಲು.

ಯಾವ ಚಾನೆಲ್, ಯಾವ ಆ್ಯಪ್‌ನಲ್ಲಿ ಬರುತ್ತದೆ ಎಂದು ಒಂದು ವಾರ ಮೊದಲೇ ನೋಡಿ, ಚಂದಾ ಕಟ್ಟಿ, ಒಮ್ಮೆ ತೆರೆದು ಪರೀಕ್ಷಿಸಿ. ಪಂದ್ಯ ಶುರುವಾಗುವ ಹತ್ತು ನಿಮಿಷ ಮೊದಲು ಒಟಿಪಿಗೆ ಕಾಯುವ ಗೋಳು ಬೇಡ. ಆಮೇಲೆ ಎರಡು ದಾರಿ ಇಟ್ಟುಕೊಳ್ಳಿ. ಡಿಶ್ ಇದ್ದವರಿಗೆ ಗೊತ್ತೇ ಇದೆ, ಜೋರು ಮಳೆಗೆ ಸಿಗ್ನಲ್ ಹೋಗುತ್ತದೆ. ಆ ತರಂಗಗಳನ್ನು ದಪ್ಪ ಮಳೆಹನಿಗಳು ನುಂಗಿಬಿಡುತ್ತವೆ. ಎಷ್ಟೇ ಚೆನ್ನಾಗಿ ಡಿಶ್ ಕೂರಿಸಿದರೂ ಇದು ತಪ್ಪುವುದಿಲ್ಲ. ಕೇಬಲ್ ಅಥವಾ ಫೈಬರ್ ಇದ್ದರೆ ಮಳೆಯ ಮಟ್ಟಿಗೆ ವಾಸಿ, ಆದರೆ ಕರೆಂಟು ಹೋದರೆ ರೂಟರ್ ಸತ್ತಿತು. ಅದಕ್ಕೆ ರೂಟರಿಗೆಂದೇ ಸಿಗುವ ಪುಟ್ಟ ಯುಪಿಎಸ್ ಒಳ್ಳೆಯದು. ಟಿವಿ ಆರಿದರೂ ಮೊಬೈಲಿನಲ್ಲಿ ಆಟ ಮುಂದುವರಿಯುತ್ತದೆ.

ಮೊಬೈಲ್ ಡೇಟಾ ನಂಬುವವರಿಗೆ ಒಂದು ಮಾತು. ಎಚ್‌ಡಿಯಲ್ಲಿ ನೋಡಿದರೆ ಗಂಟೆಗೆ ಸುಮಾರು ಒಂದೂವರೆಯಿಂದ ಮೂರು ಜಿಬಿ ಖರ್ಚಾಗುತ್ತದೆ. ದಿನಕ್ಕೆ ಒಂದೂವರೆ, ಎರಡು ಜಿಬಿ ಪ್ಯಾಕ್ ಇದ್ದವರಿಗೆ ದ್ವಿತೀಯಾರ್ಧ ಸಿಗುವುದಿಲ್ಲ. ಗುಣಮಟ್ಟ ಕಡಿಮೆ ಮಾಡಿ, ಅಥವಾ ಆ ದಿನಕ್ಕೆ ಹೆಚ್ಚುವರಿ ಡೇಟಾ ಹಾಕಿಸಿ. ಉದ್ಘಾಟನಾ ಪಂದ್ಯದ ದಿನ ಒಂದು ಅನುಕೂಲ ಇದೆ: ನಡುರಾತ್ರಿ 12ಕ್ಕೆ ದಿನದ ಕೋಟಾ ಹೊಸದಾಗಿ ಶುರುವಾಗುತ್ತದೆ, ಆಟ 12.30ಕ್ಕೆ. ಆದರೆ ಅಲ್ಲೇ ಎಲ್ಲ ಮುಗಿಸಿದರೆ ಶುಕ್ರವಾರ ಇಡೀ ದಿನ ನೆಟ್ ಇಲ್ಲ, ನೆನಪಿರಲಿ.

ಗುಡುಗು ಸಿಡಿಲು ಜೋರಾದರೆ ಟಿವಿ, ಸೆಟ್‌ಟಾಪ್ ಬಾಕ್ಸಿನ ಪ್ಲಗ್ ಕಿತ್ತುಬಿಡಿ. ಯಾವ ಪಂದ್ಯವೂ ಒಂದು ಟಿವಿಯಷ್ಟು ಬೆಲೆ ಬಾಳುವುದಿಲ್ಲ. ಕರೆಂಟು ಹೋದಾಗ ದೂರು ಕೊಡಲು ಮೆಸ್ಕಾಂ ಸಹಾಯವಾಣಿ 1912. ತಂತಿ ಹರಿದು ಬಿದ್ದದ್ದು ಕಂಡರಂತೂ ಪಂದ್ಯ ಬಿಟ್ಟು ಮೊದಲು ಆ ಕರೆ ಮಾಡಿ.

ಆನ್‌ಲೈನ್‌ನಲ್ಲಿ ನೋಡುವಾಗ ಚಿತ್ರ ಟಿವಿಗಿಂತ ತಡವಾಗಿ ಬರುತ್ತದೆ. ಅರ್ಧ ನಿಮಿಷ, ಕೆಲವೊಮ್ಮೆ ಇನ್ನೂ ಜಾಸ್ತಿ. ಪಕ್ಕದ ಮನೆಯವರು ಮೊದಲೇ ಕೂಗಿಬಿಡುತ್ತಾರೆ. ಪಕ್ಕದ ಮನೆಗೆ ಪರಿಹಾರ ಇಲ್ಲ ಮಾರಾಯ್ರೆ, ಆದರೆ ವಾಟ್ಸ್‌ಆ್ಯಪ್ ಗ್ರೂಪನ್ನು ಮ್ಯೂಟ್ ಮಾಡಬಹುದು.

ಪಂದ್ಯಕ್ಕೆ ಮೊದಲು ಮೈದಾನದ ಪರಿಚಯ

ಗೂಗಲ್‌ನಲ್ಲಿ ಹುಡುಕುವಾಗ ಗೊಂದಲ ಆಗಬಹುದು. ಈ ಮೈದಾನಕ್ಕೆ ಈಗ ಮೂರು ಹೆಸರು. ಜನ ಕರೆಯುವುದು ಎಸ್ತಾದಿಯೋ ಅಜ್ಟೆಕಾ. 2025ರಲ್ಲಿ ಒಂದು ಬ್ಯಾಂಕಿನ ಜೊತೆ ಒಪ್ಪಂದ ಆಗಿ ಎಸ್ತಾದಿಯೋ ಬನೋರ್ತೆ ಆಯಿತು. ಫಿಫಾ ತನ್ನ ಟೂರ್ನಿಯಲ್ಲಿ ಬೇರೆ ಪ್ರಾಯೋಜಕರ ಹೆಸರು ಬಳಸುವುದಿಲ್ಲ, ಹಾಗಾಗಿ ಟಿವಿಯಲ್ಲಿ ಮೆಕ್ಸಿಕೋ ಸಿಟಿ ಸ್ಟೇಡಿಯಂ ಎಂದು ಬರುತ್ತದೆ. ಮೂರೂ ಒಂದೇ ಜಾಗ.

ನಗರದ ದಕ್ಷಿಣ ಭಾಗದ ಸಾಂತಾ ಉರ್ಸುಲಾ ಎಂಬಲ್ಲಿ, ಹಳೆಯ ಜ್ವಾಲಾಮುಖಿಯ ಲಾವಾ ಗಟ್ಟಿಯಾದ ಕಲ್ಲಿನ ನೆಲದ ಮೇಲೆ ಇದನ್ನು ಕಟ್ಟಿದ್ದಾರೆ. ವಾಸ್ತುಶಿಲ್ಪಿಗಳು ಪೆದ್ರೋ ರಾಮಿರೆಸ್ ವಾಸ್ಕೆಸ್ ಮತ್ತು ರಫಾಯೆಲ್ ಮಿಹಾರೆಸ್. ಕಲ್ಲು ಒಡೆದು ತೆಗೆದು ಮೈದಾನವನ್ನು ಸುತ್ತಲಿನ ನೆಲಮಟ್ಟಕ್ಕಿಂತ ಕೆಳಗೆ ಇಳಿಸಿದರು. ಅದಕ್ಕೇ ಹೊರಗಿನಿಂದ ಕಾಣುವುದಕ್ಕಿಂತ ಒಳಗೆ ಅದು ದೊಡ್ಡದು. 1966ರ ಮೇ 29ರಂದು ಮೆಕ್ಸಿಕೋದ ಕ್ಲಬ್ ಅಮೆರಿಕಾ ಮತ್ತು ಇಟಲಿಯ ಟೊರಿನೋ ನಡುವಿನ ಪಂದ್ಯದೊಂದಿಗೆ ಬಾಗಿಲು ತೆರೆಯಿತು, 2-2 ಡ್ರಾ. ಹಿಂದೆ ಲಕ್ಷಕ್ಕೂ ಮೇಲೆ ಜನ ಕೂತಿದ್ದುಂಟು. 1970ರ ಫೈನಲ್‌ಗೆ ಬಂದವರೇ 1,07,412 ಮಂದಿ. ಈ ವಿಶ್ವಕಪ್‌ಗಾಗಿ 2024ರಲ್ಲಿ ಮುಚ್ಚಿ ದುರಸ್ತಿ ಮಾಡಿದ ಮೇಲೆ ಆಸನ 80 ಸಾವಿರದ ಆಚೀಚೆ.

ಪಂದ್ಯ ಶುರುವಾಗುವ ಮುಂಚಿನ ವಾರ ಮೂರು ಹಳೆಯ ಪಂದ್ಯಗಳ ಮುಖ್ಯಾಂಶ ಹುಡುಕಿ ನೋಡಿ. ಒಂದು ಸಂಜೆಯ ಕೆಲಸ. ಮೊದಲನೆಯದು 1970ರ ಜೂನ್ 17ರ ಸೆಮಿಫೈನಲ್, ಇಟಲಿ – ಪಶ್ಚಿಮ ಜರ್ಮನಿ. ಇಟಲಿ ಎಂಟನೇ ನಿಮಿಷಕ್ಕೇ ಗೋಲು ಹೊಡೆದು ಅದನ್ನೇ ಹಿಡಿದುಕೊಂಡು ಕೂತಿತು. ಕೊನೆಯ ಗಳಿಗೆಯಲ್ಲಿ ಜರ್ಮನಿ ಸಮ ಮಾಡಿತು. ಆಮೇಲೆ ಅರ್ಧ ಗಂಟೆಯ ಹೆಚ್ಚುವರಿ ಅವಧಿಯಲ್ಲಿ ಐದು ಗೋಲು! ಕೊನೆಗೆ ಇಟಲಿ 4-3. ಜರ್ಮನಿಯ ಬೆಕೆನ್‌ಬೌರ್ ಭುಜದ ಕೀಲು ತಪ್ಪಿ, ಕೈಯನ್ನು ಎದೆಗೆ ಕಟ್ಟಿಕೊಂಡು ಆಡುವುದನ್ನು ಗಮನಿಸಿ. ಬದಲಿ ಆಟಗಾರರನ್ನು ಇಳಿಸುವ ಅವಕಾಶ ಜರ್ಮನಿಗೆ ಮುಗಿದಿತ್ತು. ಆ ಪಂದ್ಯದ ನೆನಪಿಗೆ ಕ್ರೀಡಾಂಗಣದಲ್ಲಿ ಫಲಕ ಹಾಕಿದ್ದಾರೆ.

ಎರಡನೆಯದು ಅದೇ ವರ್ಷದ ಫೈನಲ್. ಬ್ರೆಜಿಲ್ 4, ಇಟಲಿ 1. ಪೆಲೆ ತಲೆಯಿಂದ ಹೊಡೆದ ಮೊದಲ ಗೋಲು ಎಲ್ಲರಿಗೂ ಗೊತ್ತು. ನೀವು 86ನೇ ನಿಮಿಷದ ಕಾರ್ಲೋಸ್ ಆಲ್ಬರ್ಟೋ ಗೋಲು ನೋಡಿ. ಚೆಂಡು ಬಂದ ದಾರಿಗಿಂತ ಇಟಲಿಯ ಆಟಗಾರರ ಕಾಲುಗಳನ್ನು ನೋಡಿ. ಸೆಮಿಫೈನಲ್‌ನಲ್ಲಿ ಎರಡು ಗಂಟೆ ಓಡಿದ್ದವರು. ಓಡಿ ಬಂದು ತಡೆಯಲು ಯಾರಲ್ಲೂ ಕಸುವು ಉಳಿದಿಲ್ಲ. ಯಾಕೆ ಎಂಬುದಕ್ಕೆ ಈಗಲೇ ಬರುತ್ತೇನೆ.

ಮೂರನೆಯದು ಹೇಳಬೇಕಾಗಿಲ್ಲ ಅಲ್ವಾ? 1986ರ ಜೂನ್ 22, ಅರ್ಜೆಂಟೀನಾ – ಇಂಗ್ಲೆಂಡ್. ಮರಡೋನಾ 51ನೇ ನಿಮಿಷಕ್ಕೆ ಕೈಯಿಂದ ಒಂದು, ನಾಲ್ಕೇ ನಿಮಿಷದ ನಂತರ ತನ್ನ ಅರ್ಧದಿಂದ ಚೆಂಡು ಹಿಡಿದು ಓಡಿ ಇನ್ನೊಂದು. ನಮ್ಮ ಕಡೆ ಅರ್ಜೆಂಟೀನಾದ ನೀಲಿ ಬಿಳಿ ಬಾವುಟ ಇಷ್ಟು ಹಾರುವುದಕ್ಕೆ ಮೂಲ ಆ ವರ್ಷದ ದೂರದರ್ಶನದ ಪ್ರಸಾರವೇ ಎಂದು ನಾನು ನಂಬಿದ್ದೇನೆ. ಆ ದೃಶ್ಯದಲ್ಲಿ ಮೈದಾನದ ನಡುವೆ ಜೇಡನಂಥ ಒಂದು ಕಪ್ಪು ನೆರಳು ಕಾಣುತ್ತದೆ. ಮೇಲೆ ತಂತಿಗಳಲ್ಲಿ ತೂಗಿದ್ದ ಧ್ವನಿವರ್ಧಕಗಳ ನೆರಳು ಅದು. ನಡುಹಗಲಿನ ಆಟವಾದ್ದರಿಂದ ಸೂರ್ಯ ನೆತ್ತಿಯ ಮೇಲಿದ್ದ, ನೆರಳು ನೇರ ಕೆಳಗೆ ಬಿದ್ದಿತ್ತು. ಈ ಸಲದ ಉದ್ಘಾಟನಾ ಪಂದ್ಯವೂ ಅಲ್ಲಿ ಮಧ್ಯಾಹ್ನ ಒಂದಕ್ಕೆ. ಮೋಡ ಇಲ್ಲದಿದ್ದರೆ ಆಟಗಾರರ ನೆರಳು ಕಾಲ ಬುಡದಲ್ಲೇ ಇರುತ್ತದೆ. ಚಾವಣಿ ಇರುವುದು ಪ್ರೇಕ್ಷಕರ ಮೇಲೆ ಮಾತ್ರ.

ಆಟ ಶುರುವಾದ ಮೇಲೆ ಎತ್ತರವನ್ನು ನೋಡಿ

ಈ ಮೈದಾನದ ಗುಟ್ಟೆಲ್ಲ ಇಲ್ಲೇ ಇದೆ. ಮೆಕ್ಸಿಕೋ ಸಿಟಿ ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ನಮ್ಮ ಕುದುರೆಮುಖದ ತುದಿ 1,900 ಮೀಟರಿಗೂ ಕಡಿಮೆ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ ಕೂಡ 1,930 ಮೀಟರ್. ಅಂದರೆ ನಮ್ಮ ರಾಜ್ಯದ ಯಾವ ಬೆಟ್ಟದ ನೆತ್ತಿಗಿಂತಲೂ ಮೇಲೆ ನಿಂತು ಆ 22 ಮಂದಿ ಫುಟ್‌ಬಾಲ್ ಆಡುತ್ತಾರೆ. ಕುದುರೆಮುಖ ಹತ್ತಿ ಏದುಸಿರು ಬಿಟ್ಟವರು, ಅಲ್ಲಿ ಒಂದೂವರೆ ಗಂಟೆ ಚೆಂಡಿನ ಹಿಂದೆ ಓಡುವುದನ್ನು ಸುಮ್ನೆ ಒಮ್ಮೆ ಊಹಿಸಿಕೊಳ್ಳಿ.

ಆ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟಕ್ಕಿಂತ ಸರಿಸುಮಾರು ಐದನೇ ಒಂದು ಭಾಗ ಕಡಿಮೆ. ಇದು ಎರಡು ಕೆಲಸ ಮಾಡುತ್ತದೆ, ಎರಡೂ ಟಿವಿಯಲ್ಲಿ ಕಾಣುತ್ತವೆ.

ಒಂದು, ಚೆಂಡು. ಗಾಳಿ ತೆಳ್ಳಗಿದ್ದರೆ ಚೆಂಡಿಗೆ ತಡೆ ಕಡಿಮೆ. ಒದ್ದ ಚೆಂಡು ವೇಗ ಕಳೆದುಕೊಳ್ಳದೆ ದೂರ ಹೋಗುತ್ತದೆ. ತಿರುಗುವ ಚೆಂಡು ಬಾಗುವುದೂ ಕಡಿಮೆ, ಏಕೆಂದರೆ ಅದನ್ನು ಬಾಗಿಸುವುದೂ ಗಾಳಿಯೇ. ಕೆಳಗಿನ ಊರುಗಳಲ್ಲಿ ಆಡಿ ಅಭ್ಯಾಸ ಇರುವವನು ಎಂದಿನಂತೆ ಫ್ರೀ ಕಿಕ್ ಹೊಡೆದರೆ ಚೆಂಡು ಎದುರಾಳಿಗಳು ಸಾಲಾಗಿ ನಿಂತ ಗೋಡೆ ದಾಟಿ ಕೆಳಗಿಳಿಯುವ ಬದಲು ಕ್ರಾಸ್‌ಬಾರ್ ಮೇಲಿಂದ ಹೋಗುತ್ತದೆ. ಮೊದಲ ಇಪ್ಪತ್ತು ನಿಮಿಷ ಇದನ್ನೇ ಗಮನಿಸಿ. ಉದ್ದ ಪಾಸ್‌ಗಳು ಬದಿಯಲ್ಲಿ ಓಡುವ ವಿಂಗರ್‌ನ ಮುಂದಿಂದ ಗೆರೆ ದಾಟುತ್ತಿವೆಯಾ? ಕಾರ್ನರ್‌ಗಳು ದೂರದ ಕಂಬವನ್ನೂ ಮೀರಿ ಹೋಗುತ್ತಿವೆಯಾ? ಗೋಲ್‌ಕೀಪರ್ ಒದ್ದ ಚೆಂಡು ಎದುರಿನ ಪೆನಾಲ್ಟಿ ಪೆಟ್ಟಿಗೆವರೆಗೂ ಹೋಯಿತಾ? ಹೌದಾದರೆ ಆ ತಂಡ ಇನ್ನೂ ಈ ಗಾಳಿಗೆ ಒಗ್ಗಿಲ್ಲ. ಗೋಲ್‌ಕೀಪರ್‌ಗಳ ಪಾಡು ಇನ್ನೂ ಕಷ್ಟ. ದೂರದಿಂದ ಬರುವ ಹೊಡೆತ ಅವರು ಎಣಿಸಿದ್ದಕ್ಕಿಂತ ಬೇಗ ಬರುತ್ತದೆ. ಬಾಕ್ಸ್ ಹೊರಗಿನಿಂದ ಹೊಡೆಯಲು ಮೆಕ್ಸಿಕೋದವರು ಹಿಂಜರಿಯದಿದ್ದರೆ ಅದು ದುಡುಕಲ್ಲ, ಲೆಕ್ಕಾಚಾರ.

ಎರಡು, ಉಸಿರು. ಪ್ರತಿ ಉಸಿರಿಗೂ ಸಿಗುವ ಆಮ್ಲಜನಕ ಕಡಿಮೆ. ಒಂದು ಸಲ ಜೋರಾಗಿ ಓಡಲು ಇದು ಅಡ್ಡಿ ಮಾಡುವುದಿಲ್ಲ. ಓಡಿದ ಮೇಲೆ ಸುಧಾರಿಸಿಕೊಳ್ಳುವುದು ತಡವಾಗುತ್ತದೆ. 1968ರ ಒಲಿಂಪಿಕ್ಸ್ ಇದೇ ನಗರದಲ್ಲಿ ನಡೆಯಿತು. ಅಲ್ಲಿ ಬಾಬ್ ಬೀಮನ್ 8.90 ಮೀಟರ್ ಉದ್ದ ಜಿಗಿದು ಜಗತ್ತನ್ನು ಬೆಚ್ಚಿಬೀಳಿಸಿದ, ಆದರೆ ದೂರದ ಓಟಗಳಲ್ಲಿ ಸಮಯ ನಿಧಾನವಾಯಿತು. ಫುಟ್‌ಬಾಲ್ ಈ ಎರಡರ ಬೆರಕೆ. ಹಾಗಾಗಿ 60ನೇ ನಿಮಿಷದ ನಂತರ ಚೆಂಡು ಬಿಟ್ಟು ಚೆಂಡಿಲ್ಲದವರನ್ನು ನೋಡಿ. ಬದಿ ಕಾಯುವ ಫುಲ್‌ಬ್ಯಾಕ್ ಆಟಗಾರ ಮುಂದೆ ಹೋದವನು ವಾಪಸ್ ಓಡಿ ಬರುತ್ತಾನಾ, ನಡೆದು ಬರುತ್ತಾನಾ? ನಡೆದು ಬಂದರೆ ಗೋಲು ಆ ಬದಿಯಿಂದಲೇ ಬರುವ ಸಂಭವ ಹೆಚ್ಚು. 1970ರ ಫೈನಲ್‌ನ ಇಟಲಿಯವರ ಕಾಲು ನೋಡಲು ಹೇಳಿದ್ದು ಇದಕ್ಕೇ.

ಕೋಚ್ ಯಾವಾಗ ಬದಲಿ ಆಟಗಾರರನ್ನು ಇಳಿಸುತ್ತಾನೆ ಎಂಬುದೂ ಇಲ್ಲಿ ದೊಡ್ಡ ಸುಳಿವು. ಐದು ಮಂದಿಯನ್ನು ಬದಲಿಸಬಹುದು. ಈ ವಿಶ್ವಕಪ್‌ನಲ್ಲಿ ಹೊಸದೊಂದು ನಿಯಮವೂ ಇದೆ: ಪ್ರತಿ ಅರ್ಧದಲ್ಲೂ ಮೂರು ನಿಮಿಷದ ನೀರಿನ ವಿರಾಮ, ಸೆಕೆ ಇರಲಿ ಬಿಡಲಿ. ಅಂದರೆ ಆಟ ಹೆಚ್ಚುಕಡಿಮೆ ನಾಲ್ಕು ತುಂಡಾಗುತ್ತದೆ. ಕೋಚ್‌ಗಳು ಆ ಮೂರು ನಿಮಿಷದಲ್ಲಿ ಯೋಜನೆಯನ್ನೇ ಬದಲಿಸಬಹುದು. ನೀವು ಚಹಾಕ್ಕೆ ಏಳುವುದಾದರೆ ಆಗ ಏಳಿ, ಆದರೆ ವಾಪಸ್ ಬಂದ ಮೊದಲ ಐದು ನಿಮಿಷ ತಪ್ಪಿಸಬೇಡಿ.

ಎತ್ತರವೇ ಎಲ್ಲ ಎಂದೂ ತಿಳಿಯಬೇಡಿ. ಮೆಕ್ಸಿಕೋದ ಹಲವು ಆಟಗಾರರು ಯುರೋಪಿನ ಕ್ಲಬ್‌ಗಳಲ್ಲಿ ಆಡುವವರು, ಅವರಿಗೂ ಹೊಸದಾಗಿ ಒಗ್ಗಿಕೊಳ್ಳಬೇಕು. 2001ರಲ್ಲಿ ಕೋಸ್ಟರಿಕಾ ಇಲ್ಲೇ ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ ಮೆಕ್ಸಿಕೋವನ್ನು 2-1ರಿಂದ ಸೋಲಿಸಿತು. ಅರ್ಹತಾ ಪಂದ್ಯವೊಂದರಲ್ಲಿ ಮೆಕ್ಸಿಕೋ ಈ ಮೈದಾನದಲ್ಲಿ ಸೋತದ್ದು ಅದೇ ಮೊದಲು. 2013ರಲ್ಲಿ ಹೊಂಡುರಾಸ್ ಅದೇ ಅಂತರದಿಂದ ಮತ್ತೆ ಸೋಲಿಸಿತು.

ಇನ್ನು ಮಳೆ. ಅಲ್ಲೂ ಜೂನ್ ಮಳೆಗಾಲವೇ. ಆದರೆ ನಮ್ಮ ಹಾಗೆ ದಿನವಿಡೀ ಸುರಿಯುವುದಿಲ್ಲ, ಮಧ್ಯಾಹ್ನದ ನಂತರ ಮೋಡ ಕಟ್ಟಿ ಸಂಜೆ ಗುಡುಗಿನೊಂದಿಗೆ ಹೊಡೆಯುತ್ತದೆ. ಐದರಲ್ಲಿ ನಾಲ್ಕು ಪಂದ್ಯ ಅಲ್ಲಿನ ಸಂಜೆ, ರಾತ್ರಿಗೆ ಇವೆ. ಒದ್ದೆ ಹುಲ್ಲಿನಲ್ಲಿ ಚೆಂಡು ಜಾರಿ ಇನ್ನೂ ವೇಗವಾಗಿ ಓಡುತ್ತದೆ. ಮಂಗಳೂರಿನ ನೆಹರೂ ಮೈದಾನದ ಕೆಸರಿನಲ್ಲಿ ಆಡಿದವರಿಗೆ ಚೆಂಡು ನಿಂತುಬಿಡುವುದು ಗೊತ್ತು. ಅಜ್ಟೆಕಾದಲ್ಲಿ ಅದಕ್ಕೆ ತದ್ವಿರುದ್ಧ.

ನಾಲ್ಕು ಜನ ಸೇರಿ ನೋಡುವುದಾದರೆ

ಕ್ಲಬ್ಬಿನಲ್ಲೋ, ಓಣಿಯಲ್ಲೋ ದೊಡ್ಡ ಪರದೆ ಹಾಕುವ ಯೋಚನೆ ಇದ್ದರೆ ಒಳ್ಳೆಯ ಕಾಲ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬಂದರಿನಲ್ಲಿ, ಮಲ್ಪೆಯಲ್ಲಿ ಬೋಟುಗಳು ದಡದಲ್ಲೇ ಇರುತ್ತವೆ. ಬೆಳಿಗ್ಗೆ ಆರೂವರೆಗೆ ಜನ ಸಿಗುವುದು ಕಷ್ಟವೇನಲ್ಲ.

ಆದರೆ ಉದ್ಘಾಟನಾ ಪಂದ್ಯಕ್ಕೆ ಬಯಲಿನಲ್ಲಿ ಸ್ಪೀಕರ್ ಹಾಕುವಂತಿಲ್ಲ. ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ನಿಷಿದ್ಧ. ಹಗಲಲ್ಲೂ ಅನುಮತಿ ಬೇಕು. ನಡುರಾತ್ರಿ ಪಂದ್ಯವನ್ನು ಮುಚ್ಚಿದ ಸಭಾಂಗಣದೊಳಗೆ, ಹೊರಗೆ ಕೇಳದಷ್ಟು ಸದ್ದಿನಲ್ಲಿ ಇಟ್ಟುಕೊಳ್ಳಿ. ಜುಲೈ 6ರ ಪಂದ್ಯವೂ 5.30ಕ್ಕೆ ಶುರುವಾಗುವುದರಿಂದ ಮೊದಲ ಅರ್ಧ ಗಂಟೆ ಈ ನಿಯಮದೊಳಗೇ ಬರುತ್ತದೆ. ಟಿಕೆಟ್ ಇಟ್ಟು ಅಥವಾ ಪ್ರಾಯೋಜಕರ ಬ್ಯಾನರ್ ಕಟ್ಟಿ ತೋರಿಸಿದರೆ ಅದು ವಾಣಿಜ್ಯ ಪ್ರದರ್ಶನ, ಪ್ರಸಾರದ ಹಕ್ಕು ಇರುವವರ ಒಪ್ಪಿಗೆ ಬೇಕು. ಆಟಗಾರರ ಕಟೌಟ್, ಬ್ಯಾನರ್ ರಸ್ತೆ ಬದಿ ನಿಲ್ಲಿಸುವ ಮೊದಲು ನಗರಪಾಲಿಕೆ ಅಥವಾ ಪಂಚಾಯತಿಯಲ್ಲಿ ಕೇಳಿ. ಮಳೆಗಾಲದ ಗಾಳಿಗೆ ಕಟೌಟ್ ಬಿದ್ದು ಯಾರದೋ ತಲೆ ಒಡೆಯುವುದು ಬೇಡ. ಬಟ್ಟೆಯ ಬಾವುಟ ಸಾಕು, ಅದೇ ಚಂದ ಕೂಡ.

ಪ್ರೊಜೆಕ್ಟರ್ ಜಗಲಿಯಲ್ಲಿ ಇಡುವುದಾದರೆ ಎರಚಲು ಬೀಳದ ಕಡೆ ಇಡಿ. ಎಕ್ಸ್‌ಟೆನ್ಶನ್ ವೈರನ್ನು ನೆಲದ ಮೇಲೆ ಎಳೆಯಬೇಡಿ, ಒದ್ದೆ ಕಾಲಿನಲ್ಲಿ ಜನ ಓಡಾಡುತ್ತಾರೆ.

ತಿಂಡಿ ನಿಮ್ಮಿಷ್ಟ. ನಡುರಾತ್ರಿಗೆ ಹೊಟ್ಟೆ ಹಗುರ ಇರಲಿ ಎನ್ನುವವನು ನಾನು. ಬೆಳಗಿನ ಪಂದ್ಯಗಳಿಗೆ ಮಾತ್ರ ಬನ್ಸ್, ಗೋಳಿಬಜೆ ಇಲ್ಲದೆ ಆಗುವುದಿಲ್ಲ. ಹಿಂದಿನ ರಾತ್ರಿಯೇ ಹಿಟ್ಟು ಕಲಸಿಟ್ಟರೆ ಅರ್ಧವಿರಾಮದ ಹದಿನೈದು ನಿಮಿಷದಲ್ಲಿ ಬನ್ಸ್ ಕರಿದು ಮುಗಿಸಬಹುದು.

ಹೋಗಿಯೇ ನೋಡುವವರಿಗೆ

ಅಮೆರಿಕ, ಕೆನಡಾದಲ್ಲಿ ಮಕ್ಕಳಿರುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಜೂನ್‌ನಲ್ಲಿ ಅಲ್ಲಿಗೆ ಹೋಗುವವರು ಮೆಕ್ಸಿಕೋ ಕಡೆ ಒಂದು ಸುತ್ತು ಹಾಕಬಹುದು. ಚಾಲ್ತಿಯಲ್ಲಿರುವ ಅಮೆರಿಕ, ಕೆನಡಾ, ಬ್ರಿಟನ್, ಜಪಾನ್ ಅಥವಾ ಷೆಂಗೆನ್ ವೀಸಾ ಇರುವ ಭಾರತೀಯರಿಗೆ ಮೆಕ್ಸಿಕೋ ಪ್ರವಾಸಕ್ಕೆ ಬೇರೆ ವೀಸಾ ಬೇಕಾಗಿಲ್ಲ. ಇಲ್ಲದವರು ಆ ದೇಶದ ರಾಯಭಾರ ಕಚೇರಿಗೆ ಅರ್ಜಿ ಹಾಕಬೇಕು. ಭಾರತದಿಂದ ನೇರ ವಿಮಾನ ಇಲ್ಲ. ಅಮೆರಿಕದ ಮೂಲಕ ಹೋದರೆ ವಿಮಾನ ಬದಲಿಸಲೂ ಅಮೆರಿಕದ ವೀಸಾ ಬೇಕು, ಟಿಕೆಟ್ ತೆಗೆಯುವಾಗ ಇದನ್ನು ಮರೆಯಬೇಡಿ. ಪಂದ್ಯದ ಟಿಕೆಟನ್ನು ಫಿಫಾದ ಅಧಿಕೃತ ತಾಣ ಬಿಟ್ಟು ಬೇರೆಲ್ಲೂ ಕೊಳ್ಳಬೇಡಿ. ಟೆಲಿಗ್ರಾಂ ಗ್ರೂಪಿನ ಅಗ್ಗದ ಟಿಕೆಟ್ ಯಾವತ್ತೂ ಮೋಸವೇ.

ನಗರದಲ್ಲಿ ಮೆಟ್ರೋ ಹಿಡಿದು ತಸ್ಕೆನ್ಯಾ ನಿಲ್ದಾಣಕ್ಕೆ ಹೋಗಿ, ಅಲ್ಲಿಂದ ಲಘು ರೈಲು ಹತ್ತಿದರೆ ಕ್ರೀಡಾಂಗಣದ ಬಾಗಿಲಲ್ಲೇ ಇಳಿಸುತ್ತದೆ. ಸಮುದ್ರದಂಡೆಯಿಂದ ಹೋದ ನಮಗೆ ಮೊದಲ ದಿನ ಮೆಟ್ಟಿಲು ಹತ್ತಿದರೂ ಉಸಿರು ಕಟ್ಟುತ್ತದೆ. ಪಂದ್ಯಕ್ಕೆ ಎರಡು ದಿನ ಮೊದಲೇ ತಲುಪಿ, ನೀರು ಜಾಸ್ತಿ ಕುಡಿಯಿರಿ. ಹೃದಯ, ಶ್ವಾಸಕೋಶದ ತೊಂದರೆ ಇರುವವರು ಹೊರಡುವ ಮೊದಲು ವೈದ್ಯರನ್ನು ಕೇಳಲೇಬೇಕು.

ಒಂದೊಂದು ಪಂದ್ಯಕ್ಕೂ ಒಂದೊಂದು ನೋಟ

ಉದ್ಘಾಟನಾ ಪಂದ್ಯದಲ್ಲಿ ಎತ್ತರ ಮೆಕ್ಸಿಕೋ ಕಡೆಗಿದೆ ಎಂದು ಕಾಮೆಂಟರಿಯಲ್ಲಿ ಹತ್ತು ಸಲ ಕೇಳುತ್ತೀರಿ. ಅರ್ಧ ಸತ್ಯ. ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್ ಕೂಡ 1,700 ಮೀಟರಿಗಿಂತ ಮೇಲಿದೆ, ಆ ತಂಡದ ಬಹಳ ಆಟಗಾರರು ಆ ಎತ್ತರದ ಸುತ್ತಮುತ್ತ ಆಡಿ ಬೆಳೆದವರು. 2010ರ ವಿಶ್ವಕಪ್ ಉದ್ಘಾಟನೆಯಲ್ಲೂ ಇದೇ ಎರಡು ತಂಡ ಜೋಹಾನ್ಸ್‌ಬರ್ಗ್‌ನಲ್ಲಿ ಎದುರಾಗಿದ್ದವು, 1-1. ಇನ್ನೊಂದು ಸ್ವಾರಸ್ಯ ಇದೆ. ಮೆಕ್ಸಿಕೋದ ಕೋಚ್ ಹಾವಿಯೇರ್ ಅಗಿರ್ರೆ 1986ರಲ್ಲಿ ಮೆಕ್ಸಿಕೋ ತಂಡದಲ್ಲಿದ್ದರು, ದಕ್ಷಿಣ ಆಫ್ರಿಕಾದ ಕೋಚ್ ಹ್ಯೂಗೋ ಬ್ರೂಸ್ ಅದೇ ವಿಶ್ವಕಪ್‌ನ ಬೆಲ್ಜಿಯಂ ತಂಡದಲ್ಲಿದ್ದರು. ಆ ವರ್ಷ ಜೂನ್ 3ರಂದು ಮೆಕ್ಸಿಕೋ, ಬೆಲ್ಜಿಯಂ ಇದೇ ಅಜ್ಟೆಕಾದಲ್ಲಿ ಎದುರುಬದುರಾಗಿ ಆಡಿದವು. ಮೆಕ್ಸಿಕೋ 2-1ರಿಂದ ಗೆದ್ದಿತು. ಇಬ್ಬರಿಗೂ ಈ ಹುಲ್ಲು ಹೊಸದಲ್ಲ.

ಎರಡನೇ ಪಂದ್ಯವನ್ನು ಯಾರೂ ನೋಡುವುದಿಲ್ಲ ಎನ್ನುವ ಧೈರ್ಯ ನನಗಿದೆ. ನೀವು ನೋಡಿ. ಉಜ್ಬೇಕಿಸ್ತಾನಕ್ಕೆ ಇದು ಮೊದಲ ವಿಶ್ವಕಪ್. ನಮ್ಮ ಹಾಗೆ ಏಷ್ಯಾದ ತಂಡ. 2024ರ ಜನವರಿಯಲ್ಲಿ ಕತಾರ್‌ನ ಏಷ್ಯನ್ ಕಪ್‌ನಲ್ಲಿ ಭಾರತವನ್ನು 3-0ಯಿಂದ ಸೋಲಿಸಿದವರು. ಅವರ ಕೋಚ್ ಫಾಬಿಯೋ ಕನ್ನವಾರೋ, 2006ರಲ್ಲಿ ಇಟಲಿಗೆ ಕಪ್ ಎತ್ತಿಕೊಟ್ಟ ನಾಯಕ. ಎದುರಿಗೆ ಕೊಲಂಬಿಯಾ. ಬೊಗೊಟಾ 2,600 ಮೀಟರ್ ಎತ್ತರದಲ್ಲಿದ್ದರೂ ಕೊಲಂಬಿಯಾ ತನ್ನ ಅರ್ಹತಾ ಪಂದ್ಯಗಳನ್ನು ಆಡುವುದು ಸಮುದ್ರದಂಡೆಯ ಬರಾಂಕಿಯಾದ ಸೆಕೆಯಲ್ಲಿ. ಅಂದರೆ ಇಬ್ಬರೂ ಈ ಗಾಳಿಗೆ ಅತಿಥಿಗಳೇ. ಎತ್ತರ ಆಟವನ್ನು ಹೇಗೆ ಬದಲಿಸುತ್ತದೆ ಎಂದು ನಿಷ್ಪಕ್ಷವಾಗಿ ನೋಡಲು ಐದರಲ್ಲಿ ಇದೇ ಅತ್ಯುತ್ತಮ ಪಂದ್ಯ.

ಮೂರನೆಯದರ ಹೊತ್ತಿಗೇ ಅದೇ ಗುಂಪಿನ ಇನ್ನೊಂದು ಪಂದ್ಯ, ದಕ್ಷಿಣ ಆಫ್ರಿಕಾ – ದಕ್ಷಿಣ ಕೊರಿಯಾ, ಮೊಂಟೆರ್ರೆಯಲ್ಲಿ ನಡೆಯುತ್ತಿರುತ್ತದೆ. ಮೊಬೈಲಿನಲ್ಲಿ ಅದರ ಸ್ಕೋರ್ ತೆರೆದಿಡಿ. ಪ್ರತಿ ಗುಂಪಿನ ಮೊದಲ ಎರಡು ತಂಡಗಳ ಜೊತೆ ಮೂರನೇ ಸ್ಥಾನದ ಅತ್ಯುತ್ತಮ ಎಂಟು ತಂಡಗಳೂ ಮುಂದೆ ಹೋಗುವುದರಿಂದ ಒಂದು ಗೋಲಿನ ಅಂತರವೂ ಲೆಕ್ಕಕ್ಕೆ ಬರುತ್ತದೆ.

ಜುಲೈ 1ರ ಪಂದ್ಯ ಯಾರದ್ದು ಎಂಬುದು ಮೆಕ್ಸಿಕೋ ಇರುವ ಎ ಗುಂಪಿನಲ್ಲಿ ತೀರ್ಮಾನವಾಗುತ್ತದೆ. ಆ ಗುಂಪಿನಲ್ಲಿ ಮೊದಲು ಬಂದ ತಂಡ ಇಲ್ಲೇ ಆಡುತ್ತದೆ, ಗೆದ್ದರೆ ಜುಲೈ 6ಕ್ಕೂ ಇಲ್ಲೇ. ಮೆಕ್ಸಿಕೋ ಮೊದಲ ಸ್ಥಾನಕ್ಕೆ ಯಾಕೆ ಸಾಯುವಷ್ಟು ಹೋರಾಡುತ್ತದೆ ಎಂದು ಈಗ ಅರ್ಥವಾಯಿತಲ್ಲ? ಆ ಜುಲೈ 6ರ ಪಂದ್ಯಕ್ಕೆ ಇನ್ನೊಂದು ಬದಿಯಿಂದ ಬರುವ ದಾರಿ ಎಲ್ ಗುಂಪಿನ ಅಗ್ರಸ್ಥಾನದ್ದು. ಇಂಗ್ಲೆಂಡ್ ಇರುವುದು ಅದೇ ಗುಂಪಿನಲ್ಲಿ. ಎಲ್ಲ ಅಂದುಕೊಂಡಂತೆ ಆದರೆ ಮರಡೋನಾನ ಕೈಗೆ ನಲವತ್ತು ವರ್ಷ ತುಂಬಿದ ಮೇಲೆ ಇಂಗ್ಲೆಂಡ್ ಮತ್ತೆ ವಿಶ್ವಕಪ್ ಆಡಲು ಇಲ್ಲಿಗೆ ಬರುತ್ತದೆ. ಈ ಸಲ ವಿಡಿಯೋ ನೋಡಿ ತೀರ್ಪು ತಿದ್ದುವ ವಿಎಆರ್ ಇದೆ, ಈ ವಿಶ್ವಕಪ್‌ನ ಟ್ರಯೋಂಡಾ ಚೆಂಡಿನೊಳಗೆ ಸ್ಪರ್ಶ ಗುರುತಿಸುವ ಚಿಪ್ ಕೂಡ ಇದೆ.

ಅದು ನಾಕೌಟ್ ಪಂದ್ಯ, ಡ್ರಾ ಇಲ್ಲ. ಬೆಳಿಗ್ಗೆ 5.30ಕ್ಕೆ ಶುರುವಾಗಿ ಹೆಚ್ಚುವರಿ ಅವಧಿ, ಪೆನಾಲ್ಟಿವರೆಗೆ ಹೋದರೆ ಮುಗಿಯುವಾಗ ಎಂಟೂಕಾಲು ದಾಟುತ್ತದೆ. ಸೋಮವಾರ ಬೇರೆ. ಮಕ್ಕಳ ಬ್ಯಾಗ್, ಟಿಫಿನ್ ಭಾನುವಾರ ರಾತ್ರಿಯೇ ಸಿದ್ಧ ಮಾಡಿಡಿ, ಆಫೀಸಿಗೆ ತಡವಾಗುತ್ತದೆಂದು ಮೊದಲೇ ಹೇಳಿಬಿಡಿ. ಭಾರೀ ಮಳೆಗೆ ಜಿಲ್ಲಾಧಿಕಾರಿ ರಜೆ ಕೊಡಬಹುದೆಂಬ ಆಸೆಯಲ್ಲಿ ಇರಬೇಡಿ. ಅಂಥ ಮಳೆ ಬಂದರೆ ಕರೆಂಟೂ ಇರುವುದಿಲ್ಲ.